ಒಂದೇ ಯುದ್ಧಕ್ಕೆ ಎರಡು ಬಗೆಯ ಅಣುಬಾಂಬ್ ಏಕೆ?

ಪ್ರಶ್ನೆ: ಹಿರೋಶಿಮಾದ ಮೇಲೆ ಬಿದ್ದದ್ದು ಯುರೇನಿಯಂ ಬಾಂಬ್, ನಾಗಸಾಕಿಯ ಮೇಲೆ ಬಿದ್ದದ್ದು ಪ್ಲುಟೋನಿಯಂ ಬಾಂಬ್ ಎಂದು ಓದಿದ್ದೇನೆ. ಯುದ್ಧದ ಅಷ್ಟೊಂದು ತುರ್ತಿನಲ್ಲಿ ಒಂದೇ ಬಗೆಯದನ್ನು ಮಾಡುವುದನ್ನು ಬಿಟ್ಟು ಎರಡು ಬಗೆಯವನ್ನು ಮಾಡಿದ್ದೇಕೆ? ಒಂದನ್ನು ಮರುಭೂಮಿಯಲ್ಲಿ ಪರೀಕ್ಷಿಸಿದವರು ಇನ್ನೊಂದನ್ನು ಪರೀಕ್ಷೆಯೇ ಇಲ್ಲದೆ ಊರಿನ ಮೇಲೆ ಹಾಕಲು ಹೇಗೆ ಧೈರ್ಯ ಮಾಡಿದರು? ಹಾಗಾದರೆ ಹಿರೋಶಿಮಾವೇ ಪರೀಕ್ಷೆಯಾಯಿತೆ?

ಉತ್ತರ: ಎರಡು ಬಗೆಯ ಬಾಂಬ್ ಮಾಡಬೇಕೆಂದು ಯಾರೂ ಮೊದಲೇ ಸಂಕಲ್ಪಿಸಿರಲಿಲ್ಲ. 1942ರಲ್ಲಿ ಅಮೆರಿಕ ನಿರ್ಧರಿಸಿದ್ದು ಎರಡು ಬೇರೆ ಬೇರೆ ಲೋಹಗಳನ್ನು ಏಕಕಾಲಕ್ಕೆ ತಯಾರಿಸಲು ಹೊರಡುವುದೆಂದು. ಅವುಗಳಲ್ಲಿ ಯಾವುದು ಯುದ್ಧ ಮುಗಿಯುವುದರೊಳಗೆ ಕೈಗೆ ಸಿಕ್ಕೀತೆಂದು ಆಗ ಯಾರಿಗೂ ಖಚಿತವಿರಲಿಲ್ಲ. ಲೋಹ ಯಾವುದೇ ಆದರೂ ಬಾಂಬಿನ ರಚನೆ ಒಂದೇ ಸಾಕೆಂಬ ಎಣಿಕೆ 1944ರ ಮಧ್ಯದವರೆಗೂ ಇತ್ತು. ಆ ಎಣಿಕೆಯನ್ನು ಕೆಡಿಸಿದ್ದು ಒಂದು ಅಳತೆ. ತಮ್ಮ ಮೂರು ಪ್ರಶ್ನೆಗಳ ಉತ್ತರವೂ ಆ ಅಳತೆಗೇ ಬಂದು ಸೇರುವುದರಿಂದ, ಅಲ್ಲಿಗೆ ತಲುಪುವ ದಾರಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಅಣುಬಾಂಬ್ ಎಂದರೆ ಯಾವುದೋ ಗುಟ್ಟಿನ ಸೂತ್ರದ ಫಲ, ಆ ಸೂತ್ರ ಐನ್‌ಸ್ಟೈನರದ್ದು ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿ ಬೇರೂರಿದೆ. ವಸ್ತುಸ್ಥಿತಿ ಹಾಗಿಲ್ಲ. 1938ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಆಟೊ ಹಾನ್ ಮತ್ತು ಫ್ರಿಟ್ಜ್ ಸ್ಟ್ರಾಸ್‌ಮನ್ ನ್ಯೂಟ್ರಾನ್ ತಾಕಿಸಿದ ಯುರೇನಿಯಂನಲ್ಲಿ ಅದಕ್ಕಿಂತ ಬಹಳ ಹಗುರವಾದ ಬೇರಿಯಂ ಎಂಬ ಧಾತು ಇರುವುದನ್ನು ಕಂಡರು. ನಾಜಿಗಳ ಕಾಟಕ್ಕೆ ದೇಶ ಬಿಟ್ಟು ಸ್ವೀಡನ್ ಸೇರಿದ್ದ ಲೀಸೆ ಮೈಟ್ನರ್ ಮತ್ತು ಅವರ ಸೋದರಿಯ ಮಗ ಆಟೊ ಫ್ರಿಶ್, ಯುರೇನಿಯಂನ ನ್ಯೂಕ್ಲಿಯಸ್ಸೇ ಎರಡು ಹೋಳಾಗುತ್ತಿದೆ ಎಂದು ಅದರ ಅರ್ಥವನ್ನು ಬಿಡಿಸಿದರು. ಈ ವಿದಳನದ ಸುದ್ದಿ 1939ರ ಆರಂಭದಲ್ಲೇ ವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾಯಿತು. ಒಂದು ವಿದಳನದಿಂದ ಹೊರಬಿದ್ದ ನ್ಯೂಟ್ರಾನುಗಳು ಮುಂದಿನ ವಿದಳನಗಳನ್ನು ಉಂಟುಮಾಡಬಲ್ಲವು, ಆದ್ದರಿಂದ ಸರಪಳಿ ಕ್ರಿಯೆ ಸಾಧ್ಯ ಎಂಬುದು ಜರ್ಮನಿ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ, ಜಪಾನ್‌ಗಳ ಭೌತವಿಜ್ಞಾನಿಗಳಿಗೆಲ್ಲ ಗೊತ್ತಿತ್ತು. ಐನ್‌ಸ್ಟೈನರು ಮಾಡಿದ್ದು ಭೌತವಿಜ್ಞಾನಿ ಲಿಯೊ ಸಿಲಾರ್ಡ್ ಮುಂದಾಗಿ ಸಿದ್ಧಪಡಿಸಿದ, ಅಧ್ಯಕ್ಷ ರೂಸ್‌ವೆಲ್ಟರಿಗೆ ಬರೆದ 1939ರ ಆಗಸ್ಟ್ 2ರ ಪತ್ರಕ್ಕೆ ಸಹಿ ಹಾಕಿದ್ದು. ಬಾಂಬ್ ತಯಾರಿಯ ಕೆಲಸದಲ್ಲಿ ಅವರು ಇರಲೇ ಇಲ್ಲ.

ತಿಳಿವಳಿಕೆ ಎಲ್ಲರಲ್ಲೂ ಇದ್ದರೂ ವಸ್ತು ಯಾರಲ್ಲೂ ಇರಲಿಲ್ಲ. ಗಣಿಯಿಂದ ಬರುವ ಯುರೇನಿಯಂನಲ್ಲಿ 99.3 ಶೇಕಡಾ ಭಾಗ ಯುರೇನಿಯಂ-238 ಎಂಬ ಐಸೊಟೋಪು, ಎಂದರೆ ಒಂದೇ ಧಾತುವಿನ ಬೇರೆ ತೂಕದ ರೂಪ. ಬಾಂಬಿಗೆ ಬೇಕಾದ ಯುರೇನಿಯಂ-235 ಇರುವುದು 0.7 ಶೇಕಡಾ ಮಾತ್ರ, ಎಂದರೆ ಸುಮಾರು 140 ಪರಮಾಣುಗಳಲ್ಲಿ ಒಂದು. ಎರಡೂ ಯುರೇನಿಯಂ ಆದ್ದರಿಂದ ಯಾವ ರಾಸಾಯನಿಕ ವಿಧಾನದಿಂದಲೂ ಅವನ್ನು ಸುಲಭವಾಗಿ ಬೇರ್ಪಡಿಸಲು ಬರುವುದಿಲ್ಲ. ತೂಕದಲ್ಲಿ ಇರುವ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚಿನ ವ್ಯತ್ಯಾಸವನ್ನೇ ನೆಚ್ಚಿಕೊಳ್ಳಬೇಕು. ನಮ್ಮ ಕೈಗಾದ ರಿಯಾಕ್ಟರುಗಳು ಭಾರಜಲದ ನೆರವಿನಿಂದ ನೈಸರ್ಗಿಕ ಯುರೇನಿಯಂನಲ್ಲೇ ನಡೆಯುತ್ತವೆ. ಆದರೆ ಆ ಯುರೇನಿಯಂ ಎಷ್ಟು ಟನ್ ರಾಶಿ ಹಾಕಿದರೂ ಬಾಂಬಿನಂತೆ ಸಿಡಿಯುವುದಿಲ್ಲ. ಇಡೀ ದೇಶವನ್ನೇ ಕಾರ್ಖಾನೆಯಾಗಿ ಮಾರ್ಪಡಿಸದ ಹೊರತು 235ನ್ನು ಬೇಕಾದಷ್ಟು ಬೇರ್ಪಡಿಸಲಾಗದು ಎಂದು ಡೆನ್ಮಾರ್ಕಿನ ಭೌತವಿಜ್ಞಾನಿ ನೀಲ್ಸ್ ಬೋರ್ ಅಭಿಪ್ರಾಯಪಟ್ಟದ್ದು ಈ ಕಾರಣಕ್ಕೇ.

ಈ ನಿರಾಶೆಯನ್ನು ಮೊದಲು ಅಲುಗಾಡಿಸಿದ್ದು ಬರ್ಮಿಂಗ್‌ಹ್ಯಾಮಿನಲ್ಲಿದ್ದ ಇಬ್ಬರು ನಿರಾಶ್ರಿತರು. ಅದೇ ಆಟೊ ಫ್ರಿಶ್ ಮತ್ತು ರುಡಾಲ್ಫ್ ಪೈಯೆರ್ಲ್ಸ್, 1940ರ ಮಾರ್ಚ್‌ನಲ್ಲಿ, ಶುದ್ಧ ಯುರೇನಿಯಂ-235 ದೊರೆತರೆ ಬಾಂಬಿಗೆ ಟನ್ನುಗಟ್ಟಲೆ ಬೇಡ, ಕಿಲೋಗಳ ಲೆಕ್ಕದಲ್ಲಿ ಸಾಕೆಂದು ಅಂದಾಜಿಸಿದರು. ಅವರ ಅಂಕಿ ವಾಸ್ತವಕ್ಕಿಂತ ಬಹಳ ಕಡಿಮೆಯಿತ್ತು, ಆದರೆ ಅಸಾಧ್ಯವೆಂದು ಕೈಬಿಟ್ಟಿದ್ದ ಕೆಲಸ ಸಾಧ್ಯವೆಂದು ಬ್ರಿಟನ್ ಸರ್ಕಾರಕ್ಕೆ, ಮುಂದೆ ಅಮೆರಿಕಕ್ಕೆ ಮನವರಿಕೆಯಾಗಲು ಆ ತಪ್ಪು ಅಂದಾಜೇ ನೆರವಾಯಿತು. ಇದರ ಮರುವರ್ಷ, 1941ರ ಫೆಬ್ರವರಿಯಲ್ಲಿ, ಗ್ಲೆನ್ ಸೀಬೋರ್ಗ್ ಮತ್ತು ಸಂಗಡಿಗರು ಬರ್ಕ್‌ಲಿಯಲ್ಲಿ ಪ್ಲುಟೋನಿಯಂ ಎಂಬ ಹೊಸ ಧಾತುವನ್ನು ಗುರುತಿಸಿದರು. ನಿರುಪಯೋಗಿಯೆನಿಸಿದ್ದ ಯುರೇನಿಯಂ-238 ಒಂದು ನ್ಯೂಟ್ರಾನನ್ನು ನುಂಗಿ ಕೆಲವು ದಿನಗಳಲ್ಲಿ ಪ್ಲುಟೋನಿಯಂ-239 ಆಗುತ್ತದೆ. ಅದೂ 235ರಂತೆಯೇ ವಿದಳನಗೊಳ್ಳುತ್ತದೆ. ಅದು ಬೇರೆಯೇ ಧಾತುವಾದ್ದರಿಂದ ಯುರೇನಿಯಂನಿಂದ ರಾಸಾಯನಿಕವಾಗಿ ಬೇರ್ಪಡಿಸಬಹುದು ಎಂಬುದು ದೊಡ್ಡ ಅನುಕೂಲ. ಎರಡನೆಯ ದಾರಿ ತೆರೆದದ್ದು ಹೀಗೆ.

ಹಾಗೆಂದು ಯಾವುದೂ ಹತ್ತಿರದ ದಾರಿಯಾಗಿರಲಿಲ್ಲ. 1942ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಣುಬಾಂಬ್ ಯೋಜನೆಯಾದ ಮ್ಯಾನ್‌ಹಟನ್ ಯೋಜನೆಯ ಹೊಣೆ ಹೊತ್ತ ಲೆಸ್ಲಿ ಗ್ರೋವ್ಸ್ ಸೇನೆಯ ಎಂಜಿನಿಯರು. ಪೆಂಟಗನ್ ಕಟ್ಟಡದ ನಿರ್ಮಾಣದ ಮೇಲ್ವಿಚಾರಣೆ ನಡೆಸಿದ್ದವರು. ಅವರು ಒಂದು ವಿಧಾನವನ್ನು ಆರಿಸಿ ಉಳಿದುದನ್ನು ಬಿಡುವ ಗೋಜಿಗೆ ಹೋಗಲಿಲ್ಲ. ಟೆನೆಸೀ ರಾಜ್ಯದ ಓಕ್ ರಿಡ್ಜ್‌ನಲ್ಲಿ ಯುರೇನಿಯಂ ಬೇರ್ಪಡಿಸಲೆಂದೇ ಮೂರು ಬಗೆಯ ಕಾರ್ಖಾನೆಗಳು ಎದ್ದವು. ಒಂದರಲ್ಲಿ ಭಾರಿ ವಿದ್ಯುತ್ಕಾಂತಗಳ ನಡುವೆ ಯುರೇನಿಯಂ ಅಯಾನುಗಳನ್ನು ಬಾಗಿಸಿ ಹಗುರವಾದವನ್ನು ಬೇರೆಯಾಗಿ ಹಿಡಿಯುತ್ತಿದ್ದರು. ಇನ್ನೊಂದು, ಅರ್ಧ ಮೈಲಿ ಉದ್ದದ ಕಟ್ಟಡ, ಅನಿಲರೂಪದ ಯುರೇನಿಯಂ ಸಂಯುಕ್ತವನ್ನು ಅತಿ ಸೂಕ್ಷ್ಮ ರಂಧ್ರಗಳ ತಡೆಗಳ ಮೂಲಕ ಸಾವಿರಾರು ಬಾರಿ ಹಾಯಿಸುತ್ತಿತ್ತು. ಮೂರನೆಯದು ಶಾಖದ ವ್ಯತ್ಯಾಸವನ್ನು ಬಳಸಿಕೊಳ್ಳುತ್ತಿತ್ತು. ಕೊನೆಗೆ ಈ ಮೂರರಲ್ಲಿ ಯಾವುದೊಂದೂ ತಾನೇ ಸಾಕಾಗದೆ, ಒಂದರ ಉತ್ಪನ್ನವನ್ನು ಇನ್ನೊಂದಕ್ಕೆ ಉಣಿಸುತ್ತ ಹೋಗಬೇಕಾಯಿತು.

ಆ ವಿದ್ಯುತ್ಕಾಂತಗಳ ಸುರುಳಿಗೆ ತಾಮ್ರ ಸಾಲದಾಯಿತು, ಯುದ್ಧಕಾಲದಲ್ಲಿ ಶೆಲ್ಲು ಕೋವಿಗಳೇ ಅದನ್ನೆಲ್ಲ ನುಂಗುತ್ತಿದ್ದವು. ಆಗ ಸರ್ಕಾರಿ ಖಜಾನೆಯ ಸುಮಾರು 13,000 ಟನ್ ಬೆಳ್ಳಿಯನ್ನು ಕಡ ತಂದು, ಕರಗಿಸಿ, ಪಟ್ಟಿ ಎಳೆದು ಸುತ್ತಿದರು. ಯುದ್ಧದ ನಂತರ ಅದನ್ನು ಬಹುಪಾಲು ಹಾಗೆಯೇ ಹಿಂದಿರುಗಿಸಿದರು. ಯಂತ್ರಗಳ ಮುಂದೆ ಕುಳಿತು ಮುಳ್ಳುಗಳನ್ನು ಗಮನಿಸುತ್ತ ಗುಂಡಿ ತಿರುಗಿಸುತ್ತಿದ್ದವರು ಹೆಚ್ಚಾಗಿ ಪ್ರೌಢಶಾಲೆ ಮುಗಿಸಿ ಬಂದ ಸುತ್ತಮುತ್ತಲಿನ ಯುವತಿಯರು. ತಾವು ಏನನ್ನು ತಯಾರಿಸುತ್ತಿದ್ದೇವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹಿರೋಶಿಮಾದ ಸುದ್ದಿ ಬಂದ ದಿನವೇ ಅವರಲ್ಲಿ ಬಹುಪಾಲು ಜನರಿಗೆ ತಮ್ಮ ಕೆಲಸದ ಅರ್ಥ ತಿಳಿದದ್ದು. ಉತ್ಪಾದನೆಯ ಲೆಕ್ಕದಲ್ಲಿ ಅವರು ಡಾಕ್ಟರೇಟ್ ಪಡೆದ ವಿಜ್ಞಾನಿಗಳನ್ನೂ ಹಿಂದೆ ಹಾಕಿದ್ದರು. ಈ ಚರಿತ್ರೆಯಲ್ಲಿ ಹತ್ತು ಹನ್ನೆರಡು ಭೌತವಿಜ್ಞಾನಿಗಳ ಹೆಸರನ್ನಷ್ಟೇ ಹೇಳಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ.

ಪ್ಲುಟೋನಿಯಂ ದಾರಿಗೆ ರಿಯಾಕ್ಟರ್ ಬೇಕು. 1942ರ ಡಿಸೆಂಬರ್ 2ರಂದು ಷಿಕಾಗೊ ವಿಶ್ವವಿದ್ಯಾಲಯದ ಆಟದ ಮೈದಾನದ ಗ್ಯಾಲರಿಯ ಕೆಳಗೆ ಎನ್ರಿಕೊ ಫರ್ಮಿ ಗ್ರಾಫೈಟ್ ಇಟ್ಟಿಗೆಗಳ ರಾಶಿಯಲ್ಲಿ ಮೊದಲ ನಿಯಂತ್ರಿತ ಸರಪಳಿ ಕ್ರಿಯೆಯನ್ನು ನಡೆಸಿ ತೋರಿಸಿದರು. ಅಲ್ಲಿಂದ ಎರಡು ವರ್ಷವೂ ಕಳೆಯದೆ ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡಿನಲ್ಲಿ, ಕೊಲಂಬಿಯಾ ನದಿಯ ದಂಡೆಯ ರೈತರನ್ನು ಒಕ್ಕಲೆಬ್ಬಿಸಿ ಪಡೆದ ನೆಲದಲ್ಲಿ, ದೊಡ್ಡ ರಿಯಾಕ್ಟರ್ ಸಿದ್ಧವಾಯಿತು. 1944ರ ಸೆಪ್ಟೆಂಬರಿನಲ್ಲಿ ಅದು ಚಾಲೂ ಆಗಿ ಕೆಲವೇ ಗಂಟೆಗಳಲ್ಲಿ ತಾನಾಗಿಯೇ ನಂದಿಹೋಯಿತು; ಕೆಲ ಗಂಟೆ ಬಿಟ್ಟು ಮತ್ತೆ ಎದ್ದಿತು, ಮತ್ತೆ ನಂದಿತು. ವಿದಳನದಿಂದ ಹುಟ್ಟುವ ಕ್ಸೆನಾನ್-135 ಎಂಬ ಅನಿಲ ನ್ಯೂಟ್ರಾನುಗಳನ್ನು ಹಸಿದಂತೆ ನುಂಗುತ್ತಿದೆ ಎಂದು ಜಾನ್ ವೀಲರ್ ಮೊದಲಾದವರು ಪತ್ತೆಹಚ್ಚಿದರು. 1,500 ಇಂಧನ ಕೊಳವೆಗಳು ಸಾಕೆಂದು ಭೌತವಿಜ್ಞಾನಿಗಳು ಲೆಕ್ಕ ಕೊಟ್ಟಿದ್ದಾಗ, ಡ್ಯೂಪಾಂಟ್ ಕಂಪನಿಯ ಎಂಜಿನಿಯರುಗಳು ಮುನ್ನೆಚ್ಚರಿಕೆಯಿಂದ 2,004 ಕೊಳವೆಗಳಿಗೆ ಜಾಗ ಮಾಡಿದ್ದರು. ಅವನ್ನೆಲ್ಲ ತುಂಬಿಸಿದಾಗ ರಿಯಾಕ್ಟರ್ ನಂದದೆ ನಡೆಯತೊಡಗಿತು.

ಇಡೀ ಯೋಜನೆಗೆ ತಗುಲಿದ ಸುಮಾರು 200 ಕೋಟಿ ಡಾಲರಿನಲ್ಲಿ ಬಹುದೊಡ್ಡ ಪಾಲು ಓಕ್ ರಿಡ್ಜ್ ಮತ್ತು ಹ್ಯಾನ್‌ಫರ್ಡಿಗೆ ಹೋಯಿತು. ರಾಬರ್ಟ್ ಆಪನ್‌ಹೈಮರ್ ನಡೆಸುತ್ತಿದ್ದ, ಬಾಂಬಿನ ವಿನ್ಯಾಸ ಮಾಡಿದ ಲಾಸ್ ಅಲಮೋಸ್ ಪ್ರಯೋಗಾಲಯಕ್ಕೆ ತಗುಲಿದ್ದು ನೂರಕ್ಕೆ ನಾಲ್ಕರಷ್ಟು. ಬೋರ್ ಹೇಳಿದ್ದ ಮಾತು ಹೆಚ್ಚುಕಡಿಮೆ ನಿಜವೇ ಆಗಿತ್ತು.

ಇನ್ನು ಆ ಅಳತೆಯ ವಿಷಯ. ವಿದಳನಕಾರಿ ವಸ್ತು ಒಂದು ಮಿತಿಗಿಂತ ಹೆಚ್ಚು ಒಂದೆಡೆ ಸೇರಿದಾಗ ಮಾತ್ರ ಸರಪಳಿ ಕ್ರಿಯೆ ಬೆಳೆಯುತ್ತ ಹೋಗುತ್ತದೆ. ಈ ಮಿತಿಯನ್ನು ಕ್ರಾಂತಿಕ ದ್ರವ್ಯರಾಶಿ ಎನ್ನುತ್ತೇವೆ. ಮಿತಿಗಿಂತ ಕಡಿಮೆ ಇರುವ ಎರಡು ತುಂಡುಗಳನ್ನು ದೂರವಿಟ್ಟು, ತೋಪಿನ ಕೊಳವೆಯಲ್ಲಿ ಒಂದನ್ನು ಇನ್ನೊಂದರತ್ತ ಹಾರಿಸುವುದು ಎಲ್ಲಕ್ಕಿಂತ ಸರಳವಾದ ಉಪಾಯ. 1943ರ ವಸಂತದಲ್ಲಿ ಲಾಸ್ ಅಲಮೋಸ್ ಆರಂಭವಾದಾಗ ಯುರೇನಿಯಂ, ಪ್ಲುಟೋನಿಯಂ ಎರಡಕ್ಕೂ ಇದೇ ರಚನೆಯನ್ನು ಗೊತ್ತುಮಾಡಿದ್ದರು. ಪ್ಲುಟೋನಿಯಂ ತುಂಡನ್ನು ಇನ್ನೂ ವೇಗವಾಗಿ ಹಾರಿಸಬೇಕಾದ್ದರಿಂದ ಅದರ ತೋಪು ಬಹಳ ಉದ್ದ, ಸುಮಾರು 5 ಮೀಟರ್. ಅದಕ್ಕೆ ‘ಥಿನ್ ಮ್ಯಾನ್’ ಎಂದು ಹೆಸರಿಟ್ಟರು.

ಇಲ್ಲಿರುವ ಅಪಾಯವೆಂದರೆ ಎರಡು ತುಂಡುಗಳು ಪೂರ್ತಿ ಕೂಡಿಕೊಳ್ಳುವ ಮುನ್ನವೇ ಯಾವುದಾದರೂ ನ್ಯೂಟ್ರಾನ್ ಒಳನುಸುಳಿ ಸರಪಳಿಯನ್ನು ಆರಂಭಿಸಿಬಿಡುವುದು. ಹಾಗಾದರೆ ವಸ್ತು ತನ್ನ ಶಾಖದಿಂದಲೇ ಚೆದುರಿಹೋಗಿ, ಊರನ್ನು ಸುಡಬಲ್ಲ ಬಾಂಬು ನಮಗೆಲ್ಲ ಗೊತ್ತಿರುವ ಠುಸ್ ಪಟಾಕಿಯಂತೆ ಕೆಟ್ಟುಹೋಗುತ್ತದೆ. ಭಾರವಾದ ನ್ಯೂಕ್ಲಿಯಸ್ಸುಗಳು ಯಾರೂ ಮುಟ್ಟದಿದ್ದರೂ ಆಗೊಮ್ಮೆ ಈಗೊಮ್ಮೆ ತಾವಾಗಿಯೇ ಒಡೆದು ನ್ಯೂಟ್ರಾನುಗಳನ್ನು ಹೊರಚೆಲ್ಲುತ್ತವೆ. ಈ ಸ್ವಯಂ ವಿದಳನ ಎಷ್ಟು ಪದೇ ಪದೇ ಆಗುತ್ತದೆಂಬುದೇ ನಿರ್ಣಾಯಕ. ಇಟಲಿಯಿಂದ ಬಂದಿದ್ದ ಎಮಿಲಿಯೊ ಸೆಗ್ರೆ, ಪ್ರಯೋಗಾಲಯದ ಗದ್ದಲದಿಂದ ದೂರವಾಗಿ ಪಹರೀಟೊ ಕಣಿವೆಯ ಒಂದು ಮರದ ಮನೆಯಲ್ಲಿ ತಮ್ಮ ವಿದ್ಯಾರ್ಥಿಗಳೊಂದಿಗೆ ಅದನ್ನು ಅಳೆಯುತ್ತಿದ್ದರು. ಮೊದಮೊದಲು ಅವರಿಗೆ ಸಿಕ್ಕಿದ್ದ ಪ್ಲುಟೋನಿಯಂ ಸೈಕ್ಲೊಟ್ರಾನ್ ಯಂತ್ರದಲ್ಲಿ ಕಣಗಾತ್ರದಲ್ಲಿ ತಯಾರಾದದ್ದು. ಅದರಲ್ಲಿ ಹೇಳಿಕೊಳ್ಳುವಂಥ ತೊಂದರೆಯೇನೂ ಕಾಣಲಿಲ್ಲ. 1944ರ ಏಪ್ರಿಲಿನಲ್ಲಿ ಓಕ್ ರಿಡ್ಜ್‌ನಲ್ಲೇ ಇದ್ದ ಒಂದು ಚಿಕ್ಕ ರಿಯಾಕ್ಟರಿನಲ್ಲಿ ತಯಾರಾದ ಪ್ಲುಟೋನಿಯಂ ಬಂದಾಗ ಸ್ವಯಂ ವಿದಳನದ ಎಣಿಕೆ ಹಲವು ಪಟ್ಟು ಏರಿಬಿಟ್ಟಿತು. ರಿಯಾಕ್ಟರಿನ ದಟ್ಟ ನ್ಯೂಟ್ರಾನುಗಳ ನಡುವೆ ಇರುವ ಪ್ಲುಟೋನಿಯಂ-239ರ ಒಂದು ಪಾಲು, ಒಡೆಯುವ ಬದಲು ಇನ್ನೊಂದು ನ್ಯೂಟ್ರಾನನ್ನು ನುಂಗಿ ಪ್ಲುಟೋನಿಯಂ-240 ಆಗುತ್ತದೆ. ತಾನಾಗಿ ಒಡೆಯುವ ಚಾಳಿ ಇದ್ದದ್ದು ಈ 240ಕ್ಕೆ. ಹ್ಯಾನ್‌ಫರ್ಡಿನ ಪ್ಲುಟೋನಿಯಂನಲ್ಲಿ ಅದು ಇನ್ನೂ ಹೆಚ್ಚು ಇರುವುದು ಖಂಡಿತವಿತ್ತು.

ಈ ಸಂಖ್ಯೆಗಳ ಅರ್ಥವನ್ನು ತಾವು ಊಹಿಸಿಕೊಳ್ಳಬೇಕು. ಹ್ಯಾನ್‌ಫರ್ಡಿನ ರಿಯಾಕ್ಟರುಗಳು ಆಗಿನ್ನೂ ಕಟ್ಟಿ ಮುಗಿದಿರಲಿಲ್ಲ. ಅಲ್ಲಿಂದ ಬರಲಿರುವ ಲೋಹವನ್ನು ಯಾವ ತೋಪೂ ಬೇಕಾದಷ್ಟು ವೇಗವಾಗಿ ಕೂಡಿಸಲಾರದು ಎಂದು ಮೊದಲೇ ತಿಳಿದುಹೋಯಿತು. 239ರಿಂದ 240ನ್ನು ಬೇರ್ಪಡಿಸಬೇಕೆಂದರೆ ಓಕ್ ರಿಡ್ಜ್‌ಗಿಂತಲೂ ಕಷ್ಟದ ಇನ್ನೊಂದು ಸಾಹಸಕ್ಕೆ ಕೈಹಾಕಬೇಕು, ಏಕೆಂದರೆ ಇಲ್ಲಿ ತೂಕದ ವ್ಯತ್ಯಾಸ ಇನ್ನೂ ಕಡಿಮೆ. ಜುಲೈನಲ್ಲಿ ಥಿನ್ ಮ್ಯಾನ್‌ನನ್ನು ಕೈಬಿಟ್ಟರು. ಯುರೇನಿಯಂನಲ್ಲಿ ಈ ತೊಡಕು ಇರಲಿಲ್ಲವಾದ್ದರಿಂದ ಅದಕ್ಕೆ ತೋಪಿನ ರಚನೆಯೇ ಉಳಿಯಿತು. ಅಷ್ಟು ವೇಗವೂ ಬೇಡವೆಂದು ಕಂಡು ಕೊಳವೆಯನ್ನು ಮೋಟುಮಾಡಿದ್ದರಿಂದ 3 ಮೀಟರ್ ಉದ್ದದ ‘ಲಿಟಲ್ ಬಾಯ್’ ರೂಪುಗೊಂಡಿತು. ಬಾಂಬುಗಳು ಎರಡು ಬಗೆಯಾದದ್ದು ಇಲ್ಲಿಯೇ. ಪ್ಲುಟೋನಿಯಂ ಈ 240ರ ಬೆರಕೆಯಿಲ್ಲದೆಯೇ ತಯಾರಾಗುವಂತಿದ್ದರೆ ನಾಗಸಾಕಿಯ ಮೇಲೂ ತೋಪಿನ ಬಾಂಬೇ ಬೀಳುತ್ತಿತ್ತೆಂದು ನಾನು ತಿಳಿಯುತ್ತೇನೆ.

ಪ್ಲುಟೋನಿಯಂಗೆ ಉಳಿದಿದ್ದ ದಾರಿ ಒಂದೇ: ಗೋಳಾಕಾರದ ಲೋಹವನ್ನು ಸುತ್ತಲಿಂದ ಸಿಡಿಮದ್ದಿನಿಂದ ಒಮ್ಮೆಲೇ ಒಳಮುಖವಾಗಿ ಒತ್ತಿ ದಟ್ಟವಾಗಿಸುವುದು. ಸೆತ್ ನೆಡರ್‌ಮಯರ್ 1943ರಲ್ಲೇ ಇದನ್ನು ಸೂಚಿಸಿದ್ದರು. ಹೆಚ್ಚಿನವರು ಅದನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಬೆಣ್ಣೆಯ ಮುದ್ದೆಯನ್ನು ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಗಳಿಂದ ಹೊರಬರುವುದನ್ನು ಯಾರೂ ನೋಡಿರುತ್ತಾರೆ. ಒತ್ತಡ ಎಲ್ಲ ಕಡೆಯಿಂದ ಒಂದೇ ಕ್ಷಣಕ್ಕೆ, ಒಂದೇ ಸಮನಾಗಿ ಬೀಳದಿದ್ದರೆ ಲೋಹವೂ ಹಾಗೆಯೇ ನುಣುಚಿಕೊಳ್ಳುತ್ತದೆ. ಆರಂಭದ ಪ್ರಯೋಗಗಳಲ್ಲಿ ಆಗುತ್ತಿದ್ದದ್ದು ಅದೇ. ಗಣಿತಜ್ಞ ಜಾನ್ ಫಾನ್ ನಾಯ್‌ಮನ್ ಇದರ ಲೆಕ್ಕವನ್ನು ಹಿಡಿದರು, ರಸಾಯನವಿಜ್ಞಾನಿ ಜಾರ್ಜ್ ಕಿಸ್ಟಿಯಕೋವ್‌ಸ್ಕಿ ಸಿಡಿಮದ್ದಿನ ಹೊಣೆ ಹೊತ್ತರು, ಬ್ರಿಟನ್ನಿನಿಂದ ಪೈಯೆರ್ಲ್ಸರ ತಂಡ ಬಂದು ಸೇರಿತು. ಆಗಸ್ಟ್‌ನಲ್ಲಿ ಆಪನ್‌ಹೈಮರ್ ಇಡೀ ಪ್ರಯೋಗಾಲಯವನ್ನೇ ಪುನರ್‌ವಿಂಗಡಿಸಿ ಹೆಚ್ಚಿನ ಬಲವನ್ನು ಇದಕ್ಕೆ ತಿರುಗಿಸಿದರು. ಆ ಒಂದು ವರ್ಷದ ಕೆಲಸದಿಂದ ಸಿದ್ಧವಾದದ್ದು, ಒಂದೂವರೆ ಮೀಟರ್ ದಪ್ಪದ ‘ಫ್ಯಾಟ್ ಮ್ಯಾನ್’.

ಇಷ್ಟರಲ್ಲಿ ಈ ಓಟದ ಮೂಲಕಾರಣವೇ, ಎಂದರೆ ಜರ್ಮನಿ ಮೊದಲು ಬಾಂಬ್ ಮಾಡೀತೆಂಬ ಭಯವೇ, ಇಲ್ಲವಾಗಿತ್ತು. 1944ರ ಕೊನೆಯಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ದೊರೆತ ಕಾಗದಪತ್ರಗಳಿಂದ ಜರ್ಮನಿಯ ಬಳಿ ಬಾಂಬ್ ಇಲ್ಲ, ಸದ್ಯದಲ್ಲಿ ಆಗುವ ಲಕ್ಷಣವೂ ಇಲ್ಲ ಎಂಬುದು ತಿಳಿದುಬಂತು. 1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾಯಿತು. ಭೌತವಿಜ್ಞಾನಿ ಜೋಸೆಫ್ ರಾಟ್‌ಬ್ಲಾಟ್ ಒಬ್ಬರು ಆ ಹೊತ್ತಿಗೆ ಕೆಲಸ ಬಿಟ್ಟು ಹೊರಟುಹೋಗಿದ್ದರು. ಉಳಿದವರು ಮುಂದುವರಿದರು.

ಒಳಮುಖವಾಗಿ ಒತ್ತುವ ಈ ರಚನೆ ಕಾಗದದ ಮೇಲೆ ಎಷ್ಟೇ ಸರಿಯಿದ್ದರೂ ಅದನ್ನು ಕಣ್ಣಾರೆ ಕಾಣದೆ ಯಾರೂ ನಂಬುವಂತಿರಲಿಲ್ಲ. ಸಿಡಿಮದ್ದು ಸಿಡಿದು ಪ್ಲುಟೋನಿಯಂ ಸುಮ್ಮನೆ ಚೆದುರಿಹೋದರೆ ಅದನ್ನು ಹಿಡಿದಿಡಲೆಂದು 200 ಟನ್ನಿಗೂ ಮೀರಿದ ಉಕ್ಕಿನ ಪಾತ್ರೆಯೊಂದನ್ನು ಮಾಡಿಸಿ ತಂದಿದ್ದರು ಎಂದರೆ ಅನುಮಾನ ಎಷ್ಟಿತ್ತೆಂದು ತಿಳಿಯುತ್ತದೆ. ಕೊನೆಗೆ ಅದನ್ನು ಬಳಸಲಿಲ್ಲ. 1945ರ ಜುಲೈ 16ರ ಬೆಳಗಿನ ಜಾವ 5.29ಕ್ಕೆ ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ 30 ಮೀಟರ್ ಎತ್ತರದ ಗೋಪುರದ ಮೇಲಿದ್ದ ಆ ಸಾಧನ 20,000 ಟನ್ ಟಿಎನ್‌ಟಿ ಸಿಡಿಮದ್ದಿಗೂ ಹೆಚ್ಚಿನ ಬಲದಿಂದ ಸಿಡಿಯಿತು. ಸುತ್ತಲಿನ ರೈತರನ್ನಾಗಲಿ ದನಗಾಹಿಗಳನ್ನಾಗಲಿ ಮೊದಲೇ ಎಚ್ಚರಿಸಿರಲಿಲ್ಲ, ಸ್ಥಳಾಂತರಿಸಿರಲೂ ಇಲ್ಲ.

ಇನ್ನು ಯುರೇನಿಯಂ ಬಾಂಬನ್ನು ಪರೀಕ್ಷಿಸದೆ ಬಿಟ್ಟದ್ದೇಕೆ? ಎರಡು ಕಾರಣಗಳು, ಎರಡಕ್ಕೂ ಸಮಾನ ತೂಕವಿದೆ. ತೋಪಿನ ಒಂದೊಂದು ಅಂಗವನ್ನೂ ಸಾಮಾನ್ಯ ಯುರೇನಿಯಂ ತುಂಡುಗಳನ್ನು ಹಾರಿಸಿ ಬಿಡಿಬಿಡಿಯಾಗಿ ಪರೀಕ್ಷಿಸಿದ್ದರು. ಕ್ರಾಂತಿಕ ದ್ರವ್ಯರಾಶಿಯನ್ನು ಪ್ರಯೋಗದಿಂದಲೇ ಅಳೆದಿದ್ದರು. ಕೂಡಿದರೆ ಸಿಡಿಯುತ್ತದೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಸಂಶಯವಿರಲಿಲ್ಲ. ಅವರನ್ನು ಕಾಡುತ್ತಿದ್ದದ್ದು ಅದಕ್ಕೆ ವಿರುದ್ಧವಾದ ಭಯ: ವಿಮಾನ ನೆಲ ಬಿಡುವಾಗ ಅಪಘಾತವಾದರೆ ತಮ್ಮದೇ ನೆಲೆಯಲ್ಲಿ ಅದು ಸಿಡಿದೀತು. ಆದ್ದರಿಂದಲೇ ವಿಮಾನದಲ್ಲಿದ್ದ ನೌಕಾಧಿಕಾರಿ ವಿಲಿಯಂ ಪಾರ್ಸನ್ಸ್ ಹಾರಾಟದ ನಡುವೆ, ಆಕಾಶದಲ್ಲಿ, ಅದಕ್ಕೆ ಮದ್ದು ತುಂಬಿದರು. ಎರಡನೆಯ ಕಾರಣ ಸರಳ. ಓಕ್ ರಿಡ್ಜ್‌ನ ಎಲ್ಲ ಕಾರ್ಖಾನೆಗಳೂ ಸೇರಿ 1945ರ ಜುಲೈ ಕೊನೆಯವರೆಗೆ ಕೊಟ್ಟದ್ದು ಒಂದೇ ಬಾಂಬಿಗೆ ಸಾಕಾಗುವ 64 ಕಿಲೋ ಸಂವರ್ಧಿತ ಯುರೇನಿಯಂ, ಎಂದರೆ 235ರ ಪಾಲನ್ನು ಹೆಚ್ಚಿಸಿದ ಯುರೇನಿಯಂ. ಪರೀಕ್ಷಿಸಿದ್ದರೆ ಹಾಕಲು ಬಾಂಬೇ ಉಳಿಯುತ್ತಿರಲಿಲ್ಲ. ಪ್ಲುಟೋನಿಯಂ ಬಾಂಬಿಗೆ ಸುಮಾರು 6 ಕಿಲೋ ಸಾಕಿತ್ತು, ಹ್ಯಾನ್‌ಫರ್ಡಿನಿಂದ ಅದು ಬರುತ್ತಲೇ ಇತ್ತು. ಅಷ್ಟೊಂದು ವಸ್ತುವನ್ನು ಬೇಡುವ ತೋಪಿನ ರಚನೆ ಯುದ್ಧದ ನಂತರ ಬೇಗನೆ ಹಿಂದೆ ಸರಿಯಿತು. ಸೋವಿಯತ್ ಒಕ್ಕೂಟ 1949ರಲ್ಲಿ, ನಮ್ಮವರು 1974ರಲ್ಲಿ ಪೋಖರಣ್‌ನಲ್ಲಿ ಸಿಡಿಸಿದ ಮೊದಲ ಸಾಧನಗಳು ಪ್ಲುಟೋನಿಯಂನವು.

ತಮ್ಮ ಕೊನೆಯ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದು ಪದದ ಉತ್ತರ ಕೊಟ್ಟರೆ ಅದು ಅರ್ಧಸತ್ಯವಾಗುತ್ತದೆ. ಬಾಂಬ್ ಸಿಡಿಯುತ್ತದೋ ಇಲ್ಲವೋ ನೋಡಲೆಂದು ಹಿರೋಶಿಮಾವನ್ನು ಆರಿಸಲಿಲ್ಲ. ಆದರೆ ಸಿಡಿದರೆ ಒಂದು ನಗರಕ್ಕೆ ಏನಾಗುತ್ತದೆಂದು ಅಳೆಯುವ ಉದ್ದೇಶ ಮೊದಲಿನಿಂದ ಇತ್ತು, ಇದನ್ನು ಮುಚ್ಚಿಡುವುದು ಸರಿಯಲ್ಲ. 1945ರ ಏಪ್ರಿಲ್ ಕೊನೆಯಿಂದ ಗುರಿಗಳ ಪಟ್ಟಿ ಮಾಡಿದ ಸಮಿತಿ ಇನ್ನೂ ಬಾಂಬ್ ದಾಳಿಗೆ ಹಾಳಾಗದೆ ಉಳಿದಿದ್ದ ದೊಡ್ಡ ನಗರಗಳನ್ನು ಹುಡುಕಿತು. ಆರಿಸಿದ ಮೇಲೆ ಆ ನಗರಗಳ ಮೇಲೆ ಸಾಮಾನ್ಯ ದಾಳಿ ಮಾಡಬಾರದೆಂದು ಕಾಯ್ದಿರಿಸಲಾಯಿತು. ಪಟ್ಟಿಯ ಮೊದಲಲ್ಲಿದ್ದ ಕ್ಯೋಟೊವನ್ನು ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್‌ಸನ್ ಹಟಹಿಡಿದು ತೆಗೆಸಿದರು. ಜನವಸತಿಯಿಲ್ಲದ ಕಡೆ ಪ್ರದರ್ಶಿಸಿ ತೋರಿಸಬೇಕೆಂದು ಜೇಮ್ಸ್ ಫ್ರಾಂಕ್ ಮುಂತಾದ ಷಿಕಾಗೊ ವಿಜ್ಞಾನಿಗಳು ಜೂನ್‌ನಲ್ಲಿ ಬರೆದ ಮನವಿಗೆ ಮನ್ನಣೆ ಸಿಗಲಿಲ್ಲ.

ಆಗಸ್ಟ್ 6ರ ಬೆಳಗ್ಗೆ 8.15ಕ್ಕೆ ಹಿರೋಶಿಮಾದ ಮೇಲೆ, ಆಗಸ್ಟ್ 9ರ 11.02ಕ್ಕೆ ನಾಗಸಾಕಿಯ ಮೇಲೆ ಬಾಂಬ್ ಸಿಡಿಯಿತು. ಆ ವರ್ಷದ ಕೊನೆಯೊಳಗೆ ಮೊದಲನೆಯದರಲ್ಲಿ ಸುಮಾರು 1,40,000, ಎರಡನೆಯದರಲ್ಲಿ ಸುಮಾರು 70,000 ಜನ ಸತ್ತರೆಂದು ಅಂದಾಜು. ಎರಡು ದಿನವೂ ಬಾಂಬಿನ ವಿಮಾನದ ಜೊತೆಯಲ್ಲಿ ಇನ್ನೊಂದು ವಿಮಾನ ಹಾರಿ, ಸ್ಫೋಟದ ಒತ್ತಡವನ್ನು ಅಳೆದು ರೇಡಿಯೊ ಮೂಲಕ ತಿಳಿಸುವ ಉಪಕರಣಗಳನ್ನು ಪ್ಯಾರಾಚೂಟ್ ಕಟ್ಟಿ ಇಳಿಬಿಟ್ಟಿತು. ನಾಗಸಾಕಿಯ ಉಪಕರಣಗಳಿಗೆ ಲೂಯಿಸ್ ಆಲ್ವರೆಜ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಒಂದು ಪತ್ರವನ್ನು ಅಂಟಿಸಿದ್ದರು. ಅದು ಯುದ್ಧಕ್ಕೆ ಮುನ್ನ ಬರ್ಕ್‌ಲಿಯಲ್ಲಿ ಅವರೊಡನೆ ಕೆಲಸ ಮಾಡಿದ್ದ ಜಪಾನಿನ ಭೌತವಿಜ್ಞಾನಿ ರ್ಯೋಕಿಚಿ ಸಗಾನೆಯವರಿಗೆ ಬರೆದದ್ದು: ಇಂಥ ಬಾಂಬುಗಳ ಕಾರ್ಖಾನೆಗಳು ನಮ್ಮಲ್ಲಿ ನಡೆಯುತ್ತಿವೆ, ಇದರ ಅರ್ಥ ನಿಮಗೆ ಗೊತ್ತು, ನಿಮ್ಮ ನಾಯಕರಿಗೆ ತಿಳಿಸಿ ಯುದ್ಧ ನಿಲ್ಲಿಸಿ ಎಂಬುದು ಅದರ ಸಾರಾಂಶ. ಪತ್ರ ಜಪಾನೀ ಅಧಿಕಾರಿಗಳ ಕೈಗೆ ಸಿಕ್ಕಿತು. ಸಗಾನೆಯವರಿಗೆ ಅದು ತಲುಪಿದ್ದು ಯುದ್ಧ ಮುಗಿದ ಮೇಲೆ.